ದುವ್ವಾಡದಲ್ಲಿ ಇಳಿದ ಸಂಶೋಧಕಿ

ಆಕೆಯ ಕುತ್ತಿಗೆಯಲ್ಲಿ ಸದಾ ಒಂದು ಸ್ಟಾಪ್‌ವಾಚು ತೂಗುತ್ತಿತ್ತು. ಮೈಮೇಲೆ ಗಂಜಿ ಹಾಕಿದ ಕೈಮಗ್ಗದ ಸೀರೆ, ಕಾಲಿಗೆ ಡ್ರಿಲ್ ಮೇಷ್ಟರ ಬಿಳಿ ಕ್ಯಾನ್ವಾಸ್ ಬೂಟು, ನಡುವೆ ಕರಿದಾರದ ತುದಿಗೆ ಈ ಗಡಿಯಾರ. ಎದುರಿಗೆ ಕೂತವನ ಎದೆ ಡವಗುಟ್ಟತೊಡಗಿತೆಂದರೆ ಸಾಕು, ಆಕೆ ಗುಂಡಿ ಒತ್ತಿ ಮುಳ್ಳು ನೋಡುತ್ತಾ ಕೂರುತ್ತಿದ್ದಳು. ಮನುಷ್ಯ ಸಾಯುತ್ತಿದ್ದಾನೆ, ಈಕೆ ಓಟದ ಪಂದ್ಯ ನಡೆಸುತ್ತಿದ್ದಾಳೆ ಎಂದು ನನಗೆ ಮೊದಲ ದಿನವೇ ತಾತ್ಸಾರ ಹುಟ್ಟಿತು.

ನನ್ನ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ತುಮಕೂರು ಕಡೆಯವನು. ಬ್ಯಾಂಕು ನನ್ನನ್ನು ವರ್ಗ ಮಾಡಿ ವಿಶಾಖಪಟ್ಟಣಕ್ಕೆ ಎಸೆದಿತ್ತು. ಗುಮಾಸ್ತರನ್ನು ಕಣ್ಣಿನಲ್ಲೇ ನಡುಗಿಸುತ್ತಿದ್ದ ಮ್ಯಾನೇಜರನಾದ ನಾನು, ರೈಲು ಹೊರಟಿತೆಂದರೆ ಸ್ವತಃ ನಡುಗುತ್ತಿದ್ದೆ. ಕೈ ಜೋಮು ಹಿಡಿಯುವುದು, ಉಸಿರು ಕಟ್ಟುವುದು, ಕಥೆ ಮುಗಿಯಿತು ಎನ್ನಿಸುವುದು. ಕಾರಾದರೂ ಅಷ್ಟೇ. ಪರೀಕ್ಷೆ ಮಾಡಿದ ಡಾಕ್ಟರು ಹೃದಯ ಕಲ್ಲಿನ ಹಾಗಿದೆ ಎಂದರು. ಅದನ್ನು ನನ್ನ ಗುಮಾಸ್ತರು ಮೊದಲಿನಿಂದಲೂ ಹೇಳುತ್ತಿದ್ದರು.

ಮಗಳ ನಿಶ್ಚಿತಾರ್ಥಕ್ಕೆಂದು ವಿಜಯವಾಡಕ್ಕೆ ಹೊರಟವನು, ಊರು ದಾಟುವ ಮೊದಲೇ ದುವ್ವಾಡ ಸ್ಟೇಷನ್ನಿನಲ್ಲಿ ನೀರಿನ ಬಾಟಲಿ ಹಿಡಿದುಕೊಂಡು ಇಳಿದುಬಿಟ್ಟೆ. ಹೆಂಡತಿ, ಮಗಳು ಮುಂದೆ ಹೋದರು. ನನ್ನ ಜಾಗದಲ್ಲಿ ಕೂತು ತಾಂಬೂಲ ಬದಲಾಯಿಸಿದವನು ನನ್ನ ಬಾಮೈದ. ಸಂಜೆ ಫೋನು ಮಾಡಿದ.

"ಭಾವ, ನೀವೇನೂ ಯೋಚ್ನೆ ಮಾಡ್ಬೇಡಿ. ಮದುವೆಗೂ ಬರೋಕಾಗ್ಲಿಲ್ಲ ಅಂದ್ರೆ ಧಾರೆ ನಾನೇ ಎರೀತೀನಿ. ಧೈರ್ಯವಾಗಿರಿ."

ಧೈರ್ಯವಾಗಿರಿ ಎನ್ನುವುದು ಈ ಮಹಾಶಯನ ಬದುಕಿನ ಏಕೈಕ ಉದ್ಯೋಗ. ಗಂಡಿನ ಮನೆಯ ತೆಲುಗರು ವಿಜಯವಾಡದಲ್ಲೇ ಛತ್ರ ಗೊತ್ತು ಮಾಡಿದ್ದರು. ಮುಹೂರ್ತಕ್ಕೆ ನಾಲ್ಕು ತಿಂಗಳಿತ್ತು. ನನ್ನ ಮಗಳ ಕೈಮೇಲೆ ಅವನು ಧಾರೆಯ ನೀರು ಬಿಡುವ ದೃಶ್ಯ ಕಣ್ಣಿಗೆ ಕಟ್ಟಿದ್ದರಿಂದಲೇ ನಾನು ವಿಶಾಖಪಟ್ಟಣದ ದ್ವಾರಕಾ ನಗರದ ಒಂದು ಮಹಡಿಯ ಮೆಟ್ಟಿಲು ಹತ್ತಿದ್ದು. ಗಾಬರಿ ರೋಗವನ್ನು ಮಾತು ಮತ್ತು ಅಭ್ಯಾಸದಿಂದ ವಾಸಿಮಾಡಬಹುದೇ ಎಂದು ಅಲ್ಲಿ ಆಕೆಯ ಸಂಶೋಧನೆ ನಡೆಯುತ್ತಿತ್ತು. ಅದಕ್ಕೆ ರೋಗಿಗಳು ಬೇಕಾಗಿದ್ದರು. ಅಡುಗೆಗೆ ತರಕಾರಿ ಬೇಕಾದ ಹಾಗೆ.

ಮೊದಲು ಒಂದು ತೆಲುಗು ಪ್ರಶ್ನೆಪತ್ರಿಕೆ ಕೊಟ್ಟರು. ತುಂಬಿ, ಲಕೋಟೆಗೆ ಹಾಕಿ, ಅಂಟಿಸಿ ಕೊಡಬೇಕು. ಅದು ವಿಜಯವಾಡದ ಕಚೇರಿಗೆ ಹೋಗುತ್ತದೆ, ಚಿಕಿತ್ಸೆ ಮುಗಿಯುವವರೆಗೆ ಯಾರೂ ಒಡೆಯುವುದಿಲ್ಲ. "ಓದಕ್ಕೆ ಬರ್ತೈತಾ ಸಾರ್?" ಎಂದು ಆಕೆ ಕೇಳಿದಳು. ನನಗೆ ಸಿಟ್ಟು ಬಂತು. ಕನ್ನಡ ಓದಬಲ್ಲವನಿಗೆ ತೆಲುಗು ಅಕ್ಷರ ಯಾವ ಮಹಾ? ಪತ್ರಿಕೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡೆ.

ಅಂಥ ಅಪ್ರಯೋಜಕ ಪತ್ರಿಕೆಯನ್ನು ನಾನು ನೋಡಿಯೇ ಇರಲಿಲ್ಲ. ಸಾಲುಸಾಲಿಗೂ ಆಂದೋಲನ! ಜನಸಂದಣಿಯಲ್ಲಿ ಆಂದೋಲನ ಆಗುತ್ತದೆಯೇ? ಸರಿ, ಆಗುವುದು ಅಲ್ಲೇ ತಾನೇ. ಒಬ್ಬರೇ ಇರುವಾಗ ಆಂದೋಲನ? ಮಲಗಿದಾಗ ಆಂದೋಲನ? ಹಾಸಿಗೆಯ ಮೇಲೆ ಮಲಗಿ ಚಳವಳಿ ಹೂಡುವವನು ಯಾವನು? ಬ್ಯಾಂಕಿನ ಅಧಿಕಾರಿಗಳು ಮುಷ್ಕರಕ್ಕೆ ಹೋಗುತ್ತಾರೋ ಎಂದು ಯಾರೋ ಗೂಢಚರ್ಯೆ ನಡೆಸುತ್ತಿರಬೇಕೆಂಬ ಗುಮಾನಿಯೂ ಬಂತು. 'ಇಲ್ಲವೇ ಇಲ್ಲ' ಎನ್ನುವುದಕ್ಕೆ ಸೊನ್ನೆಯಂತೆ, ಎಲ್ಲಕ್ಕೂ ದುಂಡಗೆ ಸೊನ್ನೆ ಬರೆದೆ. ಸಾಲದ್ದಕ್ಕೆ, ಆ ಪದದಲ್ಲಿ 'ಲ' ಇರಬೇಕಾದ ಕಡೆಯೆಲ್ಲ 'ಳ' ಅಚ್ಚಾಗಿತ್ತು. ವಿದ್ಯಾವಂತರ ಕೆಲಸ ಹೀಗೇ ಎಂದುಕೊಂಡು, ಪ್ರತಿಯೊಂದು ಳಕಾರವನ್ನೂ ಪೆನ್ಸಿಲಿನಿಂದ ತಿದ್ದಿ, ಲಕೋಟೆ ಅಂಟಿಸಿ ಕೊಟ್ಟೆ.

ಇನ್ನು ಆಕೆಯ ಕನ್ನಡ. ತಂದೆಯ ಕಡೆಯವರು ತೆಲುಗರು. ಬಳ್ಳಾರಿಯ ಅಜ್ಜಿ ಚಿಕ್ಕಂದಿನಲ್ಲಿ ಕಲಿಸಿದ್ದಷ್ಟೇ ಆಕೆಗೆ ಬರುತ್ತಿದ್ದ ಕನ್ನಡ. ಅಜ್ಜಿ ಮೊಮ್ಮಗಳಿಗೆ ಬಹುವಚನ ಹಾಕುತ್ತಾಳೆಯೇ? ಆದ್ದರಿಂದ ಆಕೆಯ ಕನ್ನಡದಲ್ಲಿ ಬಹುವಚನವೇ ಇರಲಿಲ್ಲ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ತೆಲುಗಿನಲ್ಲಿ ಮಾತುಮಾತಿಗೆ 'ಅಂಡಿ' ಸೇರಿಸುವ ವಿನಯವಂತೆ, ಕನ್ನಡಕ್ಕೆ ಬಂದಳೆಂದರೆ, "ಸಾರ್, ಕುಂದ್ರು. ಬಾಯಿ ಮುಚ್ಚು. ಮೂಗ್ನಾಗೆ ಉಸಿರು ಬಿಡು." ಆಕೆ ನನ್ನನ್ನು ಏಕವಚನದಲ್ಲಿ ಕರೆದದ್ದರಿಂದ ನಾನೂ ಇಲ್ಲಿ ಏಕವಚನದಲ್ಲೇ ಬರೆಯುತ್ತಿದ್ದೇನೆ. ಬಡ್ಡಿ ಸೇರಿಸಿಲ್ಲ.

ಚಿಕಿತ್ಸೆ ಎನ್ನುವ ಆ ಪ್ರಹಸನವನ್ನು ಏನೆಂದು ವರ್ಣಿಸಲಿ? ಶರಬತ್ತು ಕುಡಿಯುವ ಕೊಳವೆಯೊಂದನ್ನೇ ಬಾಯಲ್ಲಿಟ್ಟುಕೊಂಡು, ಮೂಗು ಹಿಡಿದು, ಉಸಿರಾಡಬೇಕು. ಮೆಟ್ಟಿಲು ಹತ್ತಿ ಇಳಿದು ಏದುಸಿರು ಬರಿಸಿಕೊಳ್ಳಬೇಕು. ತಿರುಗುವ ಕುರ್ಚಿಯಲ್ಲಿ ಕೂರಿಸಿ ಆಕೆಯೇ ಗರಗರ ತಿರುಗಿಸುತ್ತಿದ್ದಳು. ಆ ಜಾತಿಯ ಕುರ್ಚಿಯಲ್ಲಿ ಕೂತು ಎಷ್ಟು ಜನರ ತಲೆ ತಿರುಗಿಸಿದ್ದೆನೋ! ಹೀಗೆ ಬೇಕೆಂದೇ ಎದೆ ಹೊಡೆದುಕೊಳ್ಳುವಂತೆ ಮಾಡಿ, ಅದು ತಾನಾಗಿ ಇಳಿಯುವವರೆಗೆ ಕಾಯುವುದೇ ಮದ್ದಂತೆ. "ಸತ್ತೆ" ಎಂದು ಕೂಗಿದರೆ ಆಕೆ ಸ್ಟಾಪ್‌ವಾಚಿನಿಂದ ತಲೆಯೆತ್ತದೆ ಹೇಳುತ್ತಿದ್ದಳು: "ಸಾಯಂಗಿಲ್ಲ, ಸುಮ್ನಿರು. ಹೆದರಿಕಿ ಬರ್ಲಿ, ಬಂದು ಹೋಗ್ಲಿ. ನೀನು ಹೋಗಬ್ಯಾಡ."

ಆಮೇಲೆ ನನ್ನ ಚೀಲದ ತಪಾಸಣೆ. ನಿಂಬೆಹಣ್ಣು, ನೀರಿನ ಬಾಟಲಿ, ಮಾತ್ರೆ, ಆಂಜನೇಯನ ಪಟ. ಇವಿಲ್ಲದೆ ನಾನು ಪೆಂಡುರ್ತಿ ಬಡಾವಣೆಯ ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

"ಇದು ಮದ್ದಲ್ಲ ಸಾರ್. ಗಾಬರಿಗೆ ನೀನು ಹಾಕೋ ಊಟ," ಎಂದು ವಾರಕ್ಕೊಂದರಂತೆ ಬಿಡಿಸಿದಳು. ಆಂಜನೇಯನನ್ನು ಮಾತ್ರ ಗೋಡೆಗೆ ತೂಗುಹಾಕು ಎಂದಳು. ಕೊನೆಗೆ ನನ್ನ ಪಕ್ಕ ಕೂತಿದ್ದ ಹೆಂಡತಿಯ ಕಡೆ ತಿರುಗಿ, "ಅಮ್ಮಾ, ಇನ್ನು ನೀನೂ ಬ್ಯಾಡ," ಎಂದಳು.

"ಅಯ್ಯೋ, ನಾನೂ ಸಾಮಾನೇನಮ್ಮಾ?"

"ಹೌದಂಡಿ. ಎಲ್ಲಾದ್ಕಿಂತ ಭಾರದ್ದು."

ಹೆಂಡತಿ ಮೂರು ದಿನ ಆ ಮಾತಿಗೆ ನಕ್ಕಳು. ನಾನು ನಗಲಿಲ್ಲ.

ಮದುವೆಗೆ ಹೆಂಡತಿ, ಮಗಳು ಎರಡು ದಿನ ಮುಂಚೆಯೇ ಹೋದರು. ನನ್ನ ಜೊತೆ ರೈಲು ಹತ್ತಿದವಳು ಸಂಶೋಧಕಿ. ವಿಜಯವಾಡದವರೆಗೂ ಬರುತ್ತಾಳೆಂದು ನಾನು ನಿರಾಳವಾಗಿದ್ದೆ. ಆಕೆಯೇನೂ ಹಾಗೆ ಹೇಳಿರಲಿಲ್ಲ. ದುವ್ವಾಡ ಹತ್ತಿರವಾದಂತೆ ಬೆನ್ನು ಬೆವರಿತು, ಕಾಲುಗಳು ತಾವಾಗಿಯೇ ಬಾಗಿಲಿನ ಕಡೆ ತಿರುಗಿದವು. ರೈಲು ನಿಂತಿತು. ಆಕೆ ಎದ್ದು, ಸ್ಟಾಪ್‌ವಾಚು ತೆಗೆದು ನನ್ನ ಕುತ್ತಿಗೆಗೆ ಹಾಕಿದಳು.

"ಎದೆ ಹೊಡ್ಕೊಂಡ್ರೆ ಗುಂಡಿ ಒತ್ತು. ಎಷ್ಟು ಹೊತ್ತು ಇರ್ತೈತೆ ನೋಡಿ ಬರ್ಕೋ. ವಾಪಸ್ ಕೊಡ್ಬೇಕು, ನಂದಲ್ಲ, ಕಚೇರೀದು."

"ನೀವು?"

"ಇಲ್ಲಿ ಯಾರಾದ್ರೂ ಒಬ್ರು ಇಳೀಬೇಕಲ್ಲಾ. ನಾನು ಇಳೀತೀನಿ."

ಇಳಿದೇ ಹೋದಳು. ಬಿಳಿ ಬೂಟು ಪ್ಲಾಟ್‌ಫಾರ್ಮಿನ ಮೇಲೆ ನಿಂತಿತು, ರೈಲು ಹೊರಟಿತು. ಆ ಹೊತ್ತಿನಲ್ಲಿ ಆಕೆಯನ್ನೂ ಆಕೆಯ ಶಾಸ್ತ್ರವನ್ನೂ ನಾನು ಬೈದ ಬೈಗುಳಗಳು ಅಚ್ಚಿಗೆ ಯೋಗ್ಯವಲ್ಲ. ಗುಂಡಿ ಒತ್ತಿದೆ. ಸಾಯಲು ಹೊರಟವನು ಮುಳ್ಳು ನೋಡುತ್ತಾ ಕೂತೆ. ಗಾಬರಿ ಏರಿತು, ಏರಿತು, ನಿಂತಿತು, ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಒತ್ತಿದೆ. ಗೋದಾವರಿಯ ಸೇತುವೆ ಬರುವ ಹೊತ್ತಿಗೆ ನನಗೆ ಹಸಿವಾಗಿತ್ತು.

ಧಾರೆ ನಾನೇ ಎರೆದೆ. ಜರಿ ಪಂಚೆ, ಶಲ್ಯ, ಕುತ್ತಿಗೆಯಲ್ಲಿ ಸ್ಟಾಪ್‌ವಾಚು. ಬಾಮೈದ ಪಿಸುಗುಟ್ಟಿದ: "ಇದೇನ್ ಭಾವ, ಇದು?" "ಮುಹೂರ್ತ ನೋಡೋಕೆ," ಎಂದೆ.

ಊರಿಗೆ ಬಂದು ಗಡಿಯಾರ ಹಿಂದಿರುಗಿಸಿದ ದಿನ ಆಕೆ ಅದೇ ಪ್ರಶ್ನೆಪತ್ರಿಕೆಯನ್ನು ಇನ್ನೊಮ್ಮೆ ಮುಂದಿಟ್ಟಳು. ಮತ್ತೆ ಅದೇ ಆಂದೋಲನ! ಈ ಸಲ ತಡೆಯಲಾಗದೆ ಕೇಳಿಯೇಬಿಟ್ಟೆ: "ಅಲ್ಲಮ್ಮಾ, ರೈಲಿನ ಭಯಕ್ಕೂ ಚಳವಳಿಗೂ ಏನು ಸಂಬಂಧ?"

ಆಕೆ ಮಿಕಿಮಿಕಿ ನೋಡಿದಳು. ವಿಜಯವಾಡದಿಂದ ತರಿಸಿದ್ದ ಹಳೆಯ ಲಕೋಟೆಯನ್ನು ಒಡೆದಳು. ಸಾಲಾಗಿ ಸೊನ್ನೆಗಳು, ಪೆನ್ಸಿಲಿನ ಲಕಾರಗಳು.

"ಸಾರ್, ತೆಲುಗಿನಾಗೆ ಆಂದೋಳನ ಅಂದ್ರೆ ಗಾಬರಿ!"

ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಹೊಸ ಪತ್ರಿಕೆಯನ್ನು ಅರ್ಥ ತಿಳಿದು ಪ್ರಾಮಾಣಿಕವಾಗಿ ತುಂಬಿದೆ. ಅಲ್ಪಸ್ವಲ್ಪ ಭಯ ಇನ್ನೂ ಉಳಿದಿತ್ತು, ಮೊತ್ತ ಒಂಬತ್ತು ಬಂತು. ಮೊದಲು ಸೊನ್ನೆ, ಈಗ ಒಂಬತ್ತು. ಅಂದರೆ ಸಂಶೋಧನೆಯ ಪ್ರಕಾರ ನಾನು ಸಂಪೂರ್ಣ ಆರೋಗ್ಯವಂತನಾಗಿ ಬಂದು, ಆಕೆಯ ಚಿಕಿತ್ಸೆಯಿಂದ ರೋಗಿಯಾಗಿ ಹೊರಬಿದ್ದಿದ್ದೆ.

"ಹಳೇದು ಹರಿದು ಹಾಕಿ. ಇನ್ನೊಂದು ಕೊಡಿ, ಹಿಂದಿನ ತಾರೀಕು ಹಾಕಿ ಬರೆದುಕೊಡುತ್ತೇನೆ," ಎಂದೆ. ಒಂದು ಅಕ್ಷರ ತಿದ್ದಿದ್ದರೂ ಗಿರಾಕಿಯ ಚೆಕ್ಕನ್ನು ಮುಖಕ್ಕೆ ಎಸೆಯುತ್ತಿದ್ದ ನಾನು ಆಡಿದ ಮಾತು ಇದು.

ಆಕೆಯ ನಗು ನಿಂತಿತು. "ಆವತ್ತಿಂದು ಆವತ್ತಿಂದೇ. ಇವತ್ತು ತಿದ್ದಿದ್ರೆ ಅದು ಸಂಶೋಧನೆ ಅಲ್ಲ ಸಾರ್, ನಿನ್ನ ಬಾಮೈದ ಹೇಳೋ ಧೈರ್ಯ."

"ಇರೋ ರೋಗಿಗಳೇ ಕೆಲವರು. ನನ್ನಿಂದ ನಿಮ್ಮ ಕೆಲಸ ಕೆಡುತ್ತದೆ."

"ಕೆಡ್ಲಿ. ಸಾಯಂಗಿಲ್ಲ."

ಆ ಮಹಡಿಯಲ್ಲಿ ಈಗ ಟ್ಯೂಷನ್ ನಡೆಯುತ್ತದೆ. ಸಂಶೋಧನೆಯ ವರದಿ ಬಹಳ ದಿನಗಳ ಮೇಲೆ ಅಂಚೆಯಲ್ಲಿ ಬಂತು. ಇಂಗ್ಲಿಷಿನ ಆ ಶುಷ್ಕ ಪುಟಗಳನ್ನು ತಿರಸ್ಕಾರದಿಂದಲೇ ತಿರುವಿದೆ. ಒಂದು ಪುಟದ ಅಡಿಯಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ, ಈ ಅರ್ಥದ ಸಾಲುಗಳಿದ್ದವು: ಒಬ್ಬರ ಸ್ಥಿತಿ ಚಿಕಿತ್ಸೆಯ ನಂತರ ಹದಗೆಟ್ಟಿದೆ ಎಂದು ಅಂಕಗಳು ಹೇಳುತ್ತವೆ. ಅವರು ಒಂದು ಪದವನ್ನು ತಮ್ಮ ಭಾಷೆಯಲ್ಲಿ ಓದಿದ್ದರು. ಅಂಕಗಳನ್ನು ತಿದ್ದಿಲ್ಲ.

ಮನಶ್ಶಾಸ್ತ್ರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಈ ವಯಸ್ಸಿನಲ್ಲಿ ಬದಲಾಗುವುದೂ ಇಲ್ಲ. ಮಗಳ ಮನೆಗೆ ಹೋಗುವಾಗ ದುವ್ವಾಡ ಬಂದರೆ ಎದೆ ಇವತ್ತಿಗೂ ಒಮ್ಮೆ ಹೊಡೆದುಕೊಳ್ಳುತ್ತದೆ. ಕಿಟಕಿಯಿಂದ ಪ್ಲಾಟ್‌ಫಾರ್ಮಿನ ಆ ಜಾಗ ನೋಡುತ್ತೇನೆ. ನನಗೆ ಬದಲಾಗಿ ಅವರು ಇಳಿದದ್ದು ಅಲ್ಲಿಯೇ. ರೈಲು ಹೊರಡುತ್ತದೆ, ನಾನು ಕೂತಿರುತ್ತೇನೆ.