ಕೊಲೆಗಾತಿಯ ಬಾಯಲ್ಲಿ ಕಾಕುವಿನ ಮಾತು

ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಆ ದಿನ ಆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮಣ್ಣು ಕೊಟ್ಟು ಬಂದವರಿಗೆ ಅಕ್ಕಪಕ್ಕದವರೇ ಅಡುಗೆ ತರಬೇಕು. ನನಗೆ ತಿಳಿವಳಿಕೆ ಬಂದಾಗಿನಿಂದ ಮೊದಲು ಬರುತ್ತಿದ್ದದ್ದು ಎದುರುಮನೆಯ ಕಾಕುವಿನ ಬುಟ್ಟಿ. ಕಾಕು ಅಂದರೆ ಚಿಕ್ಕವ್ವ, ಆದರೆ ಸಂಬಂಧದಲ್ಲಿ ಆಕೆ ನಮಗೆ ಏನೂ ಆಗಬೇಕಿರಲಿಲ್ಲ. ಓಣಿಗೆಲ್ಲ ಕಾಕು, ಅಷ್ಟೆ. ಬಿಸಿ ರೊಟ್ಟಿ, ಹೆಸರುಬೇಳೆ ಪಲ್ಯ, ಮೇಲೊಂದು ಒದ್ದೆ ಬಟ್ಟೆ. ಅಳುತ್ತ ಕೂತವರ ಮುಂದೆ ಕುಕ್ಕರಗಾಲಲ್ಲಿ ಕೂತು, ರೊಟ್ಟಿ ಮುರಿದು, ಬಾಯಿಯ ಹತ್ತಿರ ಹಿಡಿದು ಅನ್ನುತ್ತಿದ್ದಳು: “ಒಂದ ತುತ್ತರ ತಗೋ ಯವ್ವಾ. ಅಳಾಕೂ ತ್ರಾಣ ಬೇಕಲ್ಲ.”

ನನ್ನ ಅಪ್ಪ ಸತ್ತಾಗ ಅವ್ವನಿಗೂ ಹೀಗೇ ಅಂದಿದ್ದಳು. ಅಪ್ಪನ ಕೊನೆಯ ಎರಡು ದಿನ ನೀರೂ ಮುಟ್ಟದ ಅವ್ವ ಅವತ್ತು ಉಂಡಳು.

ಇಂಥ ಮಾತನ್ನು ನಾನು ಒಂದು ಸಿನಿಮಾಕ್ಕೆ ಕೊಟ್ಟುಬಿಟ್ಟೆ.

ನಾನು ದಿನಾ ಬಸ್ಸಿನಲ್ಲಿ ತಾಳಿಕೋಟೆಗೆ ಹೋಗಿಬರುವ ಕನ್ನಡ ಮಾಸ್ತರ. ಸಾಲಿಯ ವಾರ್ಷಿಕ ಗ್ಯಾದರಿಂಗಿಗೆ ನಾಟಕ ಬರೆದು ಬರೆದು ಸುತ್ತ ನಾಲ್ಕು ಊರಲ್ಲಿ ಸ್ವಲ್ಪ ಹೆಸರಾಗಿತ್ತು, ಅದರ ಸೊಕ್ಕೂ ಇತ್ತು. ಸಿನಿಮಾದವರು ಇಂಡಿ, ಸಿಂದಗಿ ಕಡೆ ಚಿತ್ರೀಕರಣಕ್ಕೆ ಬಂದವರು ನನ್ನನ್ನು ಹುಡುಕಿಕೊಂಡು ಬಂದರು. ಎಲ್ಲೋ ದೂರದ ಊರಿನಲ್ಲಿ ಒಬ್ಬ ಹೆಂಗಸು ತನ್ನನ್ನು ನಂಬಿದವರಿಗೆ ಊಟದಲ್ಲಿ ವಿಷ ಬೆರೆಸಿ ಒಬ್ಬೊಬ್ಬರನ್ನಾಗಿ ಕೊಂದ ನಿಜವಾದ ಸಂಗತಿಯೇ ಆ ಸಿನಿಮಾದ ಕಥೆ. ನಮ್ಮ ಎರೆಹೊಲ, ನಮ್ಮ ಬಿಸಿಲು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತವೆಂದು ಕಥೆಯನ್ನು ಈ ಕಡೆ ತಂದಿದ್ದರು. ಮಾತುಗಳನ್ನು ನಮ್ಮ ಕಡೆಯ ಭಾಷೆಗೆ ತಿರುಗಿಸುವುದು ನನ್ನ ಕೆಲಸ.

ಅವರ ಹಾಳೆಯಲ್ಲಿ ಕೊಲೆಗಾತಿ ಬರೀ “ಊಟ ಮಾಡಿ” ಅನ್ನುತ್ತಿದ್ದಳು. ನನಗದು ಸಪ್ಪೆ ಅನ್ನಿಸಿತು. ಕಾಕುವಿನ ಮಾತು ಬರೆದೆ. ಬುಟ್ಟಿ, ಒದ್ದೆ ಬಟ್ಟೆ, ಕುಕ್ಕರಗಾಲು ಎಲ್ಲ ಹೇಳಿಕೊಟ್ಟೆ. ನಿರ್ದೇಶಕರು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. ಮನೆಗೆ ಬಂದು ಬರೆದದ್ದನ್ನು ಅವ್ವನಿಗೆ ಓದಿ ತೋರಿಸಿದೆ ಕೂಡ. ಅವ್ವ ಕೇಳಿ ಎದ್ದು ಒಳಗೆ ಹೋದಳು. ಅವಳಿಗೆ ಸಿನಿಮಾ ಎಲ್ಲಿ ತಿಳಿಯುತ್ತದೆ ಅಂದುಕೊಂಡೆ.

ಸಿನಿಮಾ ಥೇಟರಿನಲ್ಲಿ ಓಡಿದ್ದಕ್ಕಿಂತ ಮೊಬೈಲಿನಲ್ಲಿ ಹೆಚ್ಚು ಓಡಿತು. ಶುರುವಿಗೇ ‘ಸತ್ಯ ಘಟನೆ ಆಧಾರಿತ’ ಎಂದು ಬರುತ್ತದಲ್ಲ, ಜನ ಅದನ್ನು ನಮ್ಮ ಕಡೆಯದೇ ಸತ್ಯ ಎಂದು ಹಿಡಿದರು. ಮೊದಮೊದಲು ಬರೀ ನಗೆಚಾಟಿಕೆ. ಕಾಕು ಕಿರಾಣಿ ಅಂಗಡಿಗೆ ಹೋದರೆ “ತ್ರಾಣ ಬೇಕಲ್ಲ” ಎಂದು ಯಾರೋ ಅನ್ನುವುದು, ಉಳಿದವರು ನಗುವುದು. ಆಮೇಲೆ ಲೆಕ್ಕ ಹಾಕಲು ಶುರುಮಾಡಿದರು. ಓಣಿಯ ಯಾವ ಸಾವಿಗೂ ಈಕೆ ತಪ್ಪಿಸಿಕೊಂಡಿಲ್ಲವಲ್ಲ! ಸಾವಾದ ಮೇಲೆ ಬಂದವಳು ಅನ್ನುವುದನ್ನು ಎಲ್ಲರೂ ಮರೆತರು. ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ತೀರಿದಾಗ ಆಕೆಯ ರೊಟ್ಟಿಯನ್ನು ಎಮ್ಮೆಗೆ ಹಾಕಿದರು. ಹಾಕಿದ್ದಲ್ಲದೆ, ಎಮ್ಮೆ ಮೆಲುಕು ಹಾಕುತ್ತಿದೆಯೋ ಇಲ್ಲವೋ ಎಂದು ಸಂಜೆಯವರೆಗೆ ನೋಡಿದರಂತೆ.

ಕಾಕು ಒಂದು ದಿನ ನನ್ನನ್ನು ತಡೆದು, ಸಿನಿಮಾದವರಿಗೆ ತನ್ನ ಮಾತು ಹೇಗೆ ಸಿಕ್ಕಿತೆಂದು ಕೇಳಿದಳು. ನಮ್ಮ ಕಡೆ ಎಲ್ಲರೂ ಹಾಗೇ ಮಾತಾಡುತ್ತಾರಲ್ಲ ಎಂದು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಓಡಿದೆ. ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಲಿಸುವ ಬಾಯಿ ನನ್ನದು.

ಅದೇ ದಿನಗಳಲ್ಲಿ ಅವ್ವನಿಗೊಂದು ಹೊಸ ಚಾಳಿ ಹತ್ತಿತು. ಮಧ್ಯಾಹ್ನ ಮನೆಯಲ್ಲಿ ಉಣ್ಣದೆ, ಕೋಲೂರಿಕೊಂಡು ರಸ್ತೆ ದಾಟಿ, ಕಾಕುವಿನ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದಳು. ಸಕ್ಕರೆ ಕಾಯಿಲೆ, ಕಾಲು ಬಾವು, ಮೇಲೆ ರಣಬಿಸಿಲು. ಮನೆಯ ಊಟ ರುಚಿಸುವುದಿಲ್ಲವೇ ಎಂದು ನಾನು ರೇಗಿದ್ದೂ ಉಂಟು. “ಅಲ್ಲಿ ಗಾಳಿ ಛಲೋ ಬರ್ತೈತಿ” ಅನ್ನುತ್ತಿದ್ದಳು.

ಈ ವರ್ಷ ಬೇಸಿಗೆಯಲ್ಲಿ ಅವ್ವ ಹೋದಳು. ಬಾಗೇವಾಡಿಯಿಂದ, ಇಂಡಿಯಿಂದ ಬಳಗ ಬಂತು. ಮಣ್ಣು ಮುಗಿಸಿ ಬಂದು ಪಡಸಾಲೆಯಲ್ಲಿ ಕೂತಿದ್ದೆವು. ಕಾಕು ಬುಟ್ಟಿ ಹೊತ್ತು ಬಂದಳು. ನನ್ನ ಅತ್ತೆಯ ಮಗಳು ತನ್ನ ಕೂಸನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು.

ಸಾವಿನ ಮನೆಗೆ ಅಡುಗೆ ತಂದವರು ಆ ಮನೆಯವರಿಗಿಂತ ಮೊದಲು ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ. ಕಾಕು ನಡುಪಡಸಾಲೆಯಲ್ಲಿ ಕೂತಳು. ಬಟ್ಟೆ ಸರಿಸಿ, ರೊಟ್ಟಿ ಮುರಿದು, ಪಲ್ಯ ಹಚ್ಚಿ, ಎಲ್ಲರಿಗೂ ಕಾಣುವ ಹಾಗೆ ತಾನೇ ತಿಂದಳು. ಆಕೆಗೆ ಗೆಳತಿ ಸತ್ತ ದುಃಖ. ತುತ್ತು ಬೇಗ ಇಳಿಯಲಿಲ್ಲ. ನಾವೆಲ್ಲ ಆಕೆಯ ಗಂಟಲನ್ನೇ ನೋಡುತ್ತಿದ್ದೆವು. ನಾನೂ ನೋಡಿದೆ. ನುಂಗಿದ ಮೇಲೆ, “ನಾ ಉಂಡೇನ್ರಿ, ಈಗ ನೀವು ಉಣ್ರಿ” ಅಂದಳು. ತನ್ನ ಆ ಹಳೆಯ ಮಾತನ್ನು ಮಾತ್ರ ಆಡಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಕಾಕು, ಆ ಮಾತು ಬರದಾಂವ ನಾನ” ಅಂದೆ.

“ಗೊತ್ತೈತಿ ತಮ್ಮಾ. ನೀ ಬಸ್ಸಿಗೆ ಓಡಿದ ದಿನಾನ ನಿಮ್ಮವ್ವ ಬಂದು ಹೇಳ್ಯಾಳ,” ಅಂದಳು. ಬುಟ್ಟಿಯ ಬಟ್ಟೆಯನ್ನು ಮಡಚುತ್ತ, “ನಿನ್ನ ಸಲುವಾಗೇ ದಿನಾ ಬಂದು ನನ್ನ ಕಟ್ಟಿ ಮ್ಯಾಲ ಉಣ್ತಿದ್ಲು. ನಾಕ ಮಂದಿ ನೋಡ್ಲಿ ಅಂತ.”

ಗಾಳಿ ಛಲೋ ಬರುತ್ತದೆ ಅಂದಿದ್ದಳಲ್ಲ ಅವ್ವ. ನನಗೆ ದುಃಖಕ್ಕಿಂತ ಮೊದಲು ನಾಚಿಕೆ ಬಂತು. ರೊಟ್ಟಿ ಎತ್ತಿಕೊಂಡು ಹೊರಗೆ ಬಂದು, ಓಣಿ ನೋಡುವಂತೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ತಿಂದೆ. ದುಃಖದ ಮನೆಯ ಮಗ ಬಾಗಿಲ ಹೊರಗೆ ಉಣ್ಣುವುದು ಎಲ್ಲಿಯ ರೀತಿ ಎಂದು ಬಳಗ ಗೊಣಗಿತು. ಗೊಣಗಲಿ.

ಈಗ ರಜೆ ಇದ್ದ ದಿನ ನಾನೇ ರಸ್ತೆ ದಾಟಿ ಕಾಕುವಿನ ಕಟ್ಟೆಯ ಮೇಲೆ ಉಣ್ಣುತ್ತೇನೆ. ಸಿನಿಮಾಕ್ಕೆ ಮಾತು ಬರೆದವನು ನಾನು, ಆ ಮಾತು ಈಕೆಯದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಜನ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಹೋದ ತಿಂಗಳು ಓಣಿಯ ಕೊನೆಯ ಮನೆಯಲ್ಲಿ ಸಾವಾಯಿತು. ಕಾಕು ರೊಟ್ಟಿ ಬಡಿದು ಬುಟ್ಟಿಗೆ ಹಾಕಿ, ಒದ್ದೆ ಬಟ್ಟೆ ಹೊದಿಸಿ, ತನ್ನ ಹೊಸ್ತಿಲವರೆಗೆ ಬಂದು ನಿಂತಳು. ಆ ಮನೆಯ ಕಡೆ ನೋಡಿ, ಬುಟ್ಟಿಯನ್ನು ತಿರುಗಿ ಒಳಗೇ ಒಯ್ದಳು.