ಏಳು ದಿನಗಳ ಮಾರವಾಡ

ಆ ದಿನ ಬೆಳಿಗ್ಗೆಯೂ ದಿನದಂತೆ ಹಿತ್ತಲ ಬಾವಿಯಿಂದ ಎರಡು ಕೊಡ ನೀರು ಸೇದಿ, ಎರಡು ಪದರದ ಬಿಳಿ ಬಟ್ಟೆಯಲ್ಲಿ ಸೋಸಿದೆ. ಆಮೇಲೆ ಬಟ್ಟೆ ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹನಿಸಿ ತೊಳೆದು, ಆ ತೊಳೆದ ನೀರನ್ನು ಸಣ್ಣ ಗಡಿಗೆಯಲ್ಲಿ ಹಿಡಿದು ಮೆಲ್ಲಗೆ ಬಾವಿಯೊಳಗೆ ಇಳಿಬಿಟ್ಟೆ. ನಮ್ಮ ಜೈನರ ಮನೆಗಳಲ್ಲಿ ಇದು ಮುಖ ತೊಳೆದಷ್ಟೇ ಸಹಜ. ಬಟ್ಟೆಗೆ ಸಿಕ್ಕ, ಕಣ್ಣಿಗೆ ಕಾಣದ ಜೀವಗಳು ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮರಳಬೇಕು. ಅದೂ ಮೇಲಿನಿಂದ ಬಿದ್ದು ನೋಯದಂತೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಬಂದ ನನಗೆ ಇದರಲ್ಲಿ ಕೈ ಕುದುರಲು ಒಂದು ವರ್ಷ ಹಿಡಿಯಿತು. ಗಡಿಗೆ ನೀರು ಮುಟ್ಟುವ ಮೊದಲೇ ಓರೆಯಾಗಿ ಚೆಲ್ಲಿದರೆ ಅಡುಗೆಮನೆಯಲ್ಲಿದ್ದ ಅತ್ತೆಯವರಿಗೆ ಅದು ಕೇಳುತ್ತಿತ್ತು. ಅವರು ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದೆಯೂ ಎಷ್ಟೆಲ್ಲ ಅನ್ನಬಹುದು ಎಂಬುದನ್ನು ನಾನು ಕಲಿತದ್ದು ಆ ಮನೆಯಲ್ಲಿ.

ನೀರು ತುಂಬಿಟ್ಟು ಬರುವಷ್ಟರಲ್ಲಿ ಮಾವನವರು ಪಡಸಾಲೆಯಲ್ಲಿ ನನ್ನ ಪಟ್ಟಿಯನ್ನು ಹರವಿಕೊಂಡು ಕೂತಿದ್ದರು.

ಈ ಪಟ್ಟಿಯ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಎರಡನೆಯ ಮಹಾಯುದ್ಧ ಶುರುವಾಗುವ ಎರಡು ಮೂರು ವರ್ಷ ಮೊದಲಿನ ಮಾತು ಇದು. ನಮ್ಮ ಮನೆ ರಬಕವಿಯಲ್ಲಿ. ರಬಕವಿ ಸಾಂಗಲಿ ಸಂಸ್ಥಾನದ್ದು, ಅದಕ್ಕೆ ಅಂಟಿಕೊಂಡಂತಿರುವ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ನೇಕಾರರಿಗೆ ನೂಲು ಮಾರುವ ನಮ್ಮ ಮಾವನವರು ಸೀರೆಯ ಮಗ್ಗಗಳ ಸಪ್ಪಳ ಕೇಳುತ್ತ ದಿನಕ್ಕೆರಡು ಸಲ ಒಬ್ಬ ರಾಜನಿಂದ ಇನ್ನೊಬ್ಬ ರಾಜನ ಕಡೆಗೆ ನಡೆದು ಹೋಗಿ ಬರುತ್ತಿದ್ದರು. ಅದನ್ನು ಪ್ರಯಾಣವೆಂದು ಅವರೆಂದೂ ಎಣಿಸಲಿಲ್ಲ. ಅತ್ತೆಯವರು ಕಂಡದ್ದು ತೇರದಾಳದ ತವರುಮನೆ, ಒಮ್ಮೆ ಶ್ರವಣಬೆಳಗೊಳ, ಅಷ್ಟೇ. ಹೀಗಿರುವಾಗ ಪಕ್ಕದ ಮನೆಯ ಮಾರವಾಡಿ ಸೇಠರು, ಬಣ್ಣದ ವ್ಯಾಪಾರಿಗಳು, ಒಂದು ದಿನ ನಮ್ಮ ಕಟ್ಟೆಯ ಮೇಲೆ ಕೂತು, “ನಮ್ಮ ತಮ್ಮನ ಮೋಟಾರು ಜೋಧಪುರದಾಗ ಸುಮ್ಮ ನಿಂತೈತ್ರಿ. ಥಂಡಿ ದಿನದಾಗ ಇಬ್ಬರೂ ಒಂದು ವಾರ ಹೋಗಿ ಉಸುಕಿನ ದೇಶ ನೋಡಿ ಬರ್ರಿ” ಎಂದರು. ಮಾವನವರು ಹೂಂ ಅಂದುಬಿಟ್ಟರು. ಕುಡಚಿಯ ರೈಲು ನಿಲ್ದಾಣಕ್ಕೆ ಹೋಗಬೇಕಾದರೂ ಎರಡು ದಿನ ಮೊದಲೇ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುವ ಮನುಷ್ಯ! ಒಳಗೆ ಅತ್ತೆಯವರನ್ನು ಕೇಳಿದರೆ ಅವರೂ “ಆಗಲಿ” ಅಂದರು. ಇಬ್ಬರೂ ಯಾಕೆ ಒಪ್ಪಿದರೋ ನನಗಂತೂ ತಿಳಿಯಲಿಲ್ಲ.

ನಕ್ಷೆ ನೋಡಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಏಳು ದಿನಗಳ ಏರ್ಪಾಡು ನನ್ನ ಪಾಲಿಗೆ ಬಂತು. “ಆರಾಮಶೀರ ಆಗಬೇಕು ನೋಡ ತಂಗಿ, ಗಡಿಬಿಡಿ ಬ್ಯಾಡ” ಎಂದಷ್ಟೇ, ಸೊಸೆಯನ್ನೂ ‘ತಂಗಿ’ ಎಂದು ಕರೆಯುವ ಮಾವನವರ ಅಪ್ಪಣೆ. ನೀವೇ ಹೇಳಿ, ನನಗೆ ಮರುಭೂಮಿಯ ಬಗ್ಗೆ ಏನು ಗೊತ್ತು? ಭೂಗೋಳ ಕಲಿಸುತ್ತಿದ್ದ ಸಿಸ್ಟರು ಅದಕ್ಕೆ ಹಳದಿ ಬಣ್ಣ ತುಂಬಿಸುತ್ತಿದ್ದರು. ಗೆರೆಯಿಂದ ಹೊರಗೆ ಹೋದರೆ ಕೈಗೆ ಅಡಿಪಟ್ಟಿಯ ಏಟು. ಆ ಹಳದಿಯೊಳಗೆ ಮುದುಕರು ಎಲ್ಲಿ ಕೂತು ಉಣ್ಣುತ್ತಾರೆ ಎಂದು ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸೇಠರಿಂದ ಊರುಗಳ ಹೆಸರು ಕೇಳಿ ಬರೆದುಕೊಂಡು, ದೊಡ್ಡ ಹಾಳೆಗೆ ಏಳು ಅಂಕಣ ಎಳೆದು, ಜೋಧಪುರ, ಓಸಿಯಾ, ಫಲೋದಿ, ಪೋಕರಣ, ಜೈಸಲಮೇರ ಎಂದು ತುಂಬಿಸಿದೆ. ಕತ್ತಲಾದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲವಾದ್ದರಿಂದ ಮೋಟಾರು ದಿನಾಲೂ ನಾಲ್ಕೂವರೆಗೆ ಊರು ಮುಟ್ಟಲೇಬೇಕು. ಮಧ್ಯಾಹ್ನ ಹನ್ನೊಂದರಿಂದ ಎರಡರವರೆಗೆ ಏಳೂ ಅಂಕಣಗಳಲ್ಲಿ ದುಂಡಗೆ ‘ಆರಾಮ’ ಎಂದು ಬರೆದೆ. ಶಾಲೆಯ ವೇಳಾಪಟ್ಟಿಯಲ್ಲಿ ‘ಹೊಲಿಗೆ’ ಎಂದು ಬರೆದಿರುತ್ತಿದ್ದಂತೆಯೇ ಕಾಣುತ್ತಿತ್ತು ಅದು.

“ಹನ್ನೊಂದಕ್ಕ ಆರಾಮ,” ಎಂದು ಮಾವನವರು ಕನ್ನಡಕ ಸರಿಪಡಿಸಿಕೊಂಡು ಓದಿದರು. “ಎರಡಕ್ಕ ಎದ್ದು ನಿಲ್ಲಲಿಲ್ಲಂದ್ರ ಬೆಂಚಿನ ಮ್ಯಾಲ ನಿಲ್ಲಸ್ತೀಯೇನ ತಂಗಿ?”

ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಸೆರಗಿನಲ್ಲಿ ನಕ್ಕೆ. ಅತ್ತೆಯವರು ನಗಲಿಲ್ಲ. ಕೈ ಒರೆಸಿಕೊಳ್ಳುತ್ತ ಬಂದು ಕಂಬಕ್ಕೆ ಒರಗಿ ಕೂತು, “ಎರಡನೇ ದಿನದ್ದು ಓದ” ಎಂದರು.

ಓದಿದೆ. ಬೆಳಿಗ್ಗೆ ಓಸಿಯಾದ ಬಾವಿಯಲ್ಲಿ ನೀರು ಸೇದುವುದು, ಮೋಟಾರಿಗೆ ಹೇರುವುದು, ಫಲೋದಿ ಮುಟ್ಟಿದ ಮೇಲೆ ಸೋಸುವುದು.

“ಎಲ್ಲಿ ಸೋಸೂದು?”

“ಫಲೋದ್ಯಾಗರೀ.”

“ಸೋಸಿ, ಬಟ್ಟಿ ತೊಳೆದ ನೀರು?”

“ಅಲ್ಲೇ ಬಾವ್ಯಾಗ…” ಎನ್ನುವಷ್ಟರಲ್ಲಿ ನನಗೇ ಹೊಳೆದು ನಾಲಿಗೆ ಕಚ್ಚಿಕೊಂಡೆ.

“ಓಸಿಯಾದ ಜೀವಾ ಒಯ್ದು ಫಲೋದಿ ಬಾವ್ಯಾಗ ಬಿಟ್ಟರ, ಅಲ್ಲೆ ಅವಕ್ಕ ಯಾರ ಪರಿಚಯ ಐತಿ?” ಎಂದರು ಅತ್ತೆಯವರು. “ಬಳಗ ಎಲ್ಲಾ ಹಿಂದ, ಅವಷ್ಟ ಮುಂದ.”

ಮಾವನವರು ಗಹಗಹಿಸಿ ನಕ್ಕರು. “ಮೋಟಾರದಾಗ ಕುಂತು ಊರು ನೋಡಿದ್ವು ಅಂತ ತಿಳಕೋ!”

“ನಗಬ್ಯಾಡ್ರಿ. ಪಾಪ ಯಾರಿಗೆ?”

ಒಂದು ವಾರದ ಶ್ರಮದ ಪಟ್ಟಿ ಒಂದು ನಿಮಿಷದಲ್ಲಿ ಕುಸಿಯಿತು. ಪ್ರತಿ ಊರಿನಲ್ಲೂ ಹೊರಡುವ ಮೊದಲೇ ಸೋಸಿ, ಕಾಯಿಸಿ, ಆರಿಸಿ ತುಂಬಿಕೊಳ್ಳಬೇಕು; ಅದಕ್ಕೆ ಬೆಳಿಗ್ಗೆ ಎರಡು ಗಂಟೆ ಬೇಕು. ಎರಡು ಗಂಟೆ ತಡವಾದರೆ ನಾಲ್ಕೂವರೆಗೆ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಊಟವಿಲ್ಲ. ಊಟ ಬೇಕಾದರೆ ‘ಆರಾಮ’ ಹೋಗಬೇಕು. ನಾನು ರಬ್ಬರು ಹಿಡಿದು ಆರಾಮವನ್ನು ಅಳಿಸುತ್ತ ಹೋದಂತೆ ಅತ್ತೆಯವರ ಪ್ರಶ್ನೆಗಳು ಹೆಚ್ಚುತ್ತ ಹೋದವು. ಅಲ್ಲಿ ಬಾವಿ ಎಷ್ಟು ಆಳ? ಸೇದುವವರು ಯಾರು? ನೀರು ಒಯ್ಯುವುದು ತೊಗಲಿನ ಚೀಲದಲ್ಲಂತೆ, ಹಾಗಾದರೆ ನಮ್ಮ ತಾಮ್ರದ ಕೊಡ ಮೋಟಾರಿನಲ್ಲಿ ಹಿಡಿಸುತ್ತದೆಯೆ? ಒಂದೊಂದು ಪ್ರಶ್ನೆಯೂ ನನಗೆ ದಾರಿಗೆ ಅಡ್ಡ ಇಟ್ಟ ಕಲ್ಲಿನಂತೆ ಕಂಡಿತು. ಇವರಿಗೆ ಹೋಗಲು ಮನಸ್ಸಿಲ್ಲ, ಇಲ್ಲ ಎನ್ನಲಾರದೆ ಬಾವಿಯ ಆಳ ಕೇಳುತ್ತಿದ್ದಾರೆ ಎಂದುಕೊಂಡೆ.

ಮಾವನವರು ಅಂಗಡಿಗೆ ಹೊರಟಾಗ ತಲೆಗೆ ಸುತ್ತುವ ರುಮಾಲು ತಂದು ಗೋಡೆಯ ಮಾಡದಲ್ಲಿಟ್ಟೆ. ಅವರು ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಹೇಳಿದರು: “ತಂಗಿ, ಖರೆ ಹೇಳತೇನಿ, ನನಗೇನ ಈ ಉಸುಕು ನೋಡೂ ಹಂಬಲಿಲ್ಲ. ಲಗ್ನಾಗಿ ಮೂವತ್ತೆಂಟು ವರ್ಷ ಆತು, ಬೆಳಗೊಳ ಬಿಟ್ಟರ ಆಕಿಗೆ ಒಂದು ಊರು ತೋರಸಲಿಲ್ಲ. ಆಕಿ ಸಲುವಾಗಿ ಹೂಂ ಅಂದೇನಿ. ಆಕಿ ಮುಂದ ಅನಬ್ಯಾಡ ಮತ್ತ.”

ಮಧ್ಯಾಹ್ನ ಊಟವಾದ ಮೇಲೆ ಅತ್ತೆಯವರು ಮೊರದಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದರು. ನಾನೇ ಧೈರ್ಯ ಮಾಡಿ ಕೇಳಿದೆ: “ಅತ್ತಿ, ನಿಮಗ ಹೋಗೂ ಮನಸ್ಸು ಐತೋ ಇಲ್ಲೋ?”

ಅವರು ಒಂದು ಹರಳು ಆರಿಸಿ ಪಕ್ಕಕ್ಕಿಟ್ಟರು. “ನನ್ನದೇನೈತಿ? ಅವರ ಸಲುವಾಗಿ ಹೊಂಟೇನಿ. ಗಂಡಸರು ಒಮ್ಮೆ ಹೂಂ ಅಂದರ ಅಂದಂಗ. ನಾ ಬ್ಯಾಡ ಅಂದರ ಅವರ ಮಾರಿ ಸಣ್ಣದಾಗತೈತಿ. ನೀ ಹೋಗಿ ಹೇಳಬ್ಯಾಡ.” ಅಷ್ಟು ಹೇಳಿ, ಮೊರ ನನ್ನ ಕಡೆ ಸರಿಸಿ, ದಿನದಂತೆ ಸೇಠರ ಹೆಂಡತಿ ಕೇಸರಬಾಯಿಯ ಹತ್ತಿರ ಹರಟೆಗೆ ಹೋದರು.

ನನ್ನ ಅವಸ್ಥೆ ಊಹಿಸಿಕೊಳ್ಳಿ. ಇವರು ಅವರಿಗಾಗಿ, ಅವರು ಇವರಿಗಾಗಿ. ಇಬ್ಬರಿಗೂ ಬೇಡವಾದ ಮಾರವಾಡಕ್ಕೆ ನಾನು ಅಂಕಣ ಎಳೆಯುತ್ತಿದ್ದೆ. ಒಬ್ಬರ ಮಾತು ಇನ್ನೊಬ್ಬರಿಗೆ ಹೇಳುವಂತಿಲ್ಲ. ಹೇಳದಿದ್ದರೆ ಮೊಣಕಾಲು ನೋವಿನ ಮುದುಕರು, ನಡುನೋವಿನ ಮುದುಕಿ, ನನ್ನ ಪಟ್ಟಿ ಹಿಡಿದು ಏಳು ದಿನ ಉಸುಕಿನಲ್ಲಿ ಕುಲುಕಾಡಬೇಕು. ಮೂರು ವರ್ಷದಲ್ಲಿ ಆ ಮನೆ ನನ್ನ ಕೈಗೆ ಕೊಟ್ಟ ಮೊದಲ ದೊಡ್ಡ ಕೆಲಸ ಇದು. ಅದನ್ನು ಚೆನ್ನಾಗಿ ಮಾಡುವುದೆಂದರೆ ಮಾಡುವುದೋ, ಬಿಡುವುದೋ? ಕಾನ್ವೆಂಟಿನಲ್ಲಾದರೆ ಇಂಥ ಗೊಂದಲಕ್ಕೆ ಎರಡೇ ಉತ್ತರ: ಸರಿ, ಇಲ್ಲವೆ ತಪ್ಪು. ಇಲ್ಲಿ ಎರಡೂ ಕಡೆ ಪ್ರೀತಿಯೇ ಇತ್ತು, ಎರಡೂ ಕಡೆ ಸುಳ್ಳೂ ಇತ್ತು.

ಕಡೆಗೆ ಕೂತು ಸೇಠರಿಗೆ ಒಂದು ಕಾಗದ ಬರೆದೆ. ಸೇಠರು ಆ ಸಂಜೆಯೇ ಕುಡಚಿಗೆ ಹೋಗಿ ಜೋಧಪುರದ ಕಡೆಗೆ ರೈಲು ಹಿಡಿಯುವವರಿದ್ದರು. ಅವರು ಹೋಗಿ ತಮ್ಮನಿಗೆ ಹೇಳಿದರೆ ಮೋಟಾರು ನಮಗೆ ನಿಶ್ಚಯವಾದಂತೆ, ನಾವು ಬೇಡವೆಂದರೆ ಆ ವಾರ ಬೇರೆ ಮಂದಿಗೆ ಹೋಗುವುದು. ಮಾವನವರ ಮೊಣಕಾಲು ನೋಯುತ್ತಿದೆ, ಈ ವರ್ಷ ಸಾಧ್ಯವಿಲ್ಲ, ಕ್ಷಮಿಸಬೇಕು ಎಂದು ಬರೆದೆ. ಸುಳ್ಳಲ್ಲವಲ್ಲ ಎಂದು ಎರಡು ಸಲ ಓದಿಕೊಂಡೆ. ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ನನ್ನ ಯಜಮಾನರು ನಾಲ್ಕಕ್ಕೆ ಬಂದಾಗ ಇಬ್ಬರ ಮಾತನ್ನೂ ಹೇಳಿ ಕಾಗದ ತೋರಿಸಿದೆ. ಅಪ್ಪ ಅವ್ವನ ನಡುವೆ ಬಾಯಿ ಹಾಕದೆಯೇ ಬೆಳೆದ ಅವರು, “ಛಲೋ ಮಾಡಿದಿ, ಇಬ್ಬರಿಗೂ ಜೀವಾ ಹಗುರಾಗತೈತಿ” ಎಂದು ಕಾಗದ ನನ್ನ ಕೈಗೇ ಮರಳಿಸಿದರು.

ಹೊತ್ತಿರುವಾಗಲೇ ಎಲ್ಲರ ಊಟವಾಯಿತು. ಮಾವನವರು ಅತ್ತೆಯವರಿಗೆ, “ಅಲ್ಲೆ ಭಾಳ ಥಂಡಿ ಅಂತ, ಧಾಬಳಿ ತಗೋ” ಎಂದರು. ಅತ್ತೆಯವರು, “ನೀವು ಎರಡು ತಗೋರಿ” ಎಂದರು. ನಾನು ತಲೆ ಎತ್ತದೆ ತಾಟು ಎತ್ತಿದೆ. ಕಾಗದವನ್ನು ನಡುವಿಗೆ ಸಿಕ್ಕಿಸಿಕೊಂಡು ಪಕ್ಕದ ಮನೆಗೆ ನಡೆದೆ.

ಸೇಠರು ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಟಾಂಗಾ ಬಾಗಿಲಲ್ಲಿ ನಿಂತಿತ್ತು. ಇಪ್ಪತ್ತು ವರ್ಷ ನಮ್ಮೂರಿನಲ್ಲಿದ್ದು ನಮ್ಮ ಹಾಗೆಯೇ ಮಾತಾಡುವ ಕೇಸರಬಾಯಿ ಗಂಡನ ಧೋತರಗಳನ್ನು ಟ್ರಂಕಿಗೆ ಒತ್ತಿ ತುಂಬುತ್ತಿದ್ದರು. ನಾನು ಕಾಗದಕ್ಕೆ ಕೈ ಹಾಕಿದೆ. ಅವರು ಟ್ರಂಕಿನ ಮೇಲೆ ಮೊಣಕಾಲೂರಿ ಚಿಲಕ ಎಳೆಯುತ್ತ, ನನ್ನತ್ತ ತಿರುಗದೆಯೇ ಅಂದರು:

“ನಿಮ್ಮತ್ತಿಯವರು ಭಾಳ ಗಟ್ಟಿ ಬಿಡ್ರಿ. ತಿಂಗಳಾತು, ದಿನಾ ಮಧ್ಯಾಹ್ನ ನನ್ನ ಕಡೆ ಕುಂತು, ಅಲ್ಲಿ ಹೆಂಗಸರನ್ನ ಮಾತಾಡಸಬೇಕಂತ ನಮ್ಮ ಮಾರವಾಡಿ ಮಾತು ಕಲಿಯಾಕತ್ತಾರ. ‘ಅಕ್ಕಾ, ನಿನ್ನ ಹೆಸರೇನು, ಮಕ್ಕಳೆಷ್ಟು’ ಅನ್ನೂದು ಇವತ್ತ ಬರೋಬ್ಬರಿ ಬಂತು. ನಿಮಗ ಹೇಳಬ್ಯಾಡ ಅಂದಾರ. ಸೊಸಿ ಇಂಗ್ಲೀಷ ಕಲತಾಕಿ, ನಗತಾಳ ಅಂತ.”