ಸೂಜಿಯಮ್ಮನ ಬಾವಿ

ಮಾಸ್ಟರಿಗೆ ಸಿಟ್ಟು ಬಂದರೆ ಮೊದಲು ಕತ್ತರಿ ನಿಲ್ಲುತ್ತದೆ, ಆಮೇಲೆ ಭಾಷಣ ಶುರುವಾಗುತ್ತದೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಬಡಪಾಯಿ ಗಿರಾಕಿ, ಆನ್‌ಲೈನ್ ಆಟದ ಕಂಪನಿಗಳು ಜನರನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂಬುದನ್ನು ಅರ್ಧ ಗಂಟೆ ಕೇಳಿಸಿಕೊಂಡೇ ಹೋಗಬೇಕು. ಕೊರಳಿಗೆ ಟೇಪು ನೇತುಹಾಕಿಕೊಂಡ ಅರವತ್ತೊಂದು ವರ್ಷದ ದರ್ಜಿಗೂ ಕಂಪ್ಯೂಟರ್ ಆಟಕ್ಕೂ ಏನು ನಂಟು ಎಂದು ಹೊಸಬರು ಕಣ್ಣು ಪಿಳಿಪಿಳಿ ಬಿಡುತ್ತಾರೆ. ಹಳಬರು ವಾಚು ನೋಡಿಕೊಳ್ಳುತ್ತಾರೆ.

“ನಾನು ನಿಮ್ಮ ಶರ್ಟಿನ ತೋಳು ಕೆಡಿಸಿದೆ ಅನ್ಕೊಳ್ಳಿ. ಏನ್ಮಾಡ್ತೀನಿ? ನಿಮ್ಮ ಕಣ್ಣೆದುರೇ ಬಿಚ್ಚಿ ಮತ್ತೆ ಹೊಲಿದು ಕೊಡ್ತೀನಿ. ಅವರು ಏನ್ಮಾಡ್ತಾರೆ ಗೊತ್ತಾ? ತೋಳನ್ನೇ ಕಿತ್ತುಹಾಕಿ, ‘ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸಿದ್ದೇವೆ’ ಅಂತ ಚೀಟಿ ಕಳಿಸ್ತಾರೆ. ಕೇಳೋಕೆ ಹೋದ್ರೆ ಯಂತ್ರ ಮಾತಾಡುತ್ತೆ. ‘ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ’ ಅನ್ನುತ್ತೆ. ಅಲ್ಲ ಸ್ವಾಮಿ, ನನ್ನ ಭಾವನೆ ಅರ್ಥ ಮಾಡ್ಕೊಳ್ಳೋಕೆ ನನ್ನ ಹೆಂಡತಿಗೇ ಮೂವತ್ತು ವರ್ಷ ಬೇಕಾಯ್ತು.”

ಮೂಲೆಯಲ್ಲಿ ಕೂತು ಗುಂಡಿಗಳಿಗೆ ಕಾಜಾ ಹಾಕುವ ಹೆಂಗಸನ್ನು ಬೀದಿಯವರೆಲ್ಲ ಕಾಜಾದಕ್ಕ ಎನ್ನುತ್ತಾರೆ. ಅವಳು ತಲೆ ಎತ್ತದೆ, “ಮಾಸ್ಟರೇ, ಅವರ ಬಸ್ಸು ತಪ್ಪತ್ತೆ” ಎಂದಾಗ ಕತ್ತರಿ ಮತ್ತೆ ನಡೆಯಲು ತೊಡಗುತ್ತದೆ.

ಆಟ ಹಚ್ಚಿದ್ದು ಹೆಂಡತಿ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಕಂಪ್ಯೂಟರನ್ನು ಒರೆಸಲು ಹೋದವಳು ಏನನ್ನೋ ಒತ್ತಿದಳು. ತೆರೆಯ ಮೇಲೆ ಒಂದು ದ್ವೀಪ ತೆರೆದುಕೊಂಡಿತು. ಬೆಟ್ಟ, ಕೆರೆ, ತೋಳಗಳಿರುವ ಕಾಡು, ನೂರಾರು ಊರುಗಳಲ್ಲಿ ಕೂತೇ ಅಲ್ಲಿಗೆ ಬಂದು ಮನೆ ಕಟ್ಟಿಕೊಂಡ ಸಾವಿರಾರು ಜನ. ಅವಳು ಅಲ್ಲಿ ಸೂಜಿಯಮ್ಮ ಎಂದು ಹೆಸರಿಟ್ಟುಕೊಂಡಳು. ಮೂರು ತಿಂಗಳು ಗೊಣಗಿದ ಮಾಸ್ಟರು ನಾಲ್ಕನೆಯ ತಿಂಗಳು ಇನ್ನೊಂದು ಹಳೆಯ ಕಂಪ್ಯೂಟರ್ ಹೊತ್ತು ತಂದು, ಕತ್ತರಿ ಎಂಬ ಹೆಸರಿನಲ್ಲಿ ಅವಳ ಹಿಂದೆ ಹೊರಟರು.

ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಂಗಡಿಯ ಷಟರು ಅರ್ಧ ಇಳಿದಿರುತ್ತಿತ್ತು. ಹಿಂದಿನ ಇಕ್ಕಟ್ಟಾದ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಒಂದು ತುದಿಯಲ್ಲಿ ಗಂಡ, ಇನ್ನೊಂದು ತುದಿಯಲ್ಲಿ ಹೆಂಡತಿ. ಅಂಗಡಿಗೆ ಅವರು ಮಾಸ್ಟರಾದರೆ ದ್ವೀಪಕ್ಕೆ ಅವಳೇ ಮಾಸ್ಟರು. ಇವರು ಕಾಡಿಗೆ ಹೋದ ತಕ್ಷಣ ತೋಳದ ಬಾಯಿಗೆ ಬೀಳುವುದು, ಅವಳು ಬಂದು ಎಬ್ಬಿಸುವುದು. “ರೀ, ಬಟ್ಟೆ ಕತ್ತರಿಸೋವಾಗ ಇರೋ ಕಣ್ಣು ಇಲ್ಲಿ ಎಲ್ಲಿಗೆ ಹೋಗತ್ತೆ?” ಎಂದು ಅವಳು ಮೇಜಿನ ಆ ತುದಿಯಿಂದ ಗದರುತ್ತಿದ್ದಳು.

ಕೆರೆಯ ಹತ್ತಿರ ಮನೆ ಕಟ್ಟಿ, ಮನೆಯ ಮುಂದೆ ಅವಳು ಬಾವಿ ತೋಡಿದಳು. ಬೆಟ್ಟದಿಂದ ಒಂದೊಂದೇ ಕಲ್ಲು ಹೊತ್ತು ತರಬೇಕು, ಒಂದು ಸಲಕ್ಕೆ ಒಂದೇ. ನಲವತ್ತು ಮಧ್ಯಾಹ್ನ ಹಿಡಿಯಿತು. ಬಾವಿಯಿಂದ ಆ ಆಟದಲ್ಲಿ ಯಾವ ಲಾಭವೂ ಇಲ್ಲ. ನೀರು ಸೇದಿದರೆ ರಾಟೆಯ ಸದ್ದು ಬರುತ್ತಿತ್ತು, ಅಷ್ಟೇ. ಆ ಸದ್ದು ಕೇಳಲು ದಾರಿಹೋಕರು ನಿಲ್ಲುತ್ತಿದ್ದರು. ಪಕ್ಕದ ಮನೆಯ ಆಟಗಾರ, ಕಪ್ಪೆರಾಯ ಎಂಬ ಹೆಸರಿನವನು, ಬಾವಿಯ ಹತ್ತಿರ ಒಂದು ಬೆಂಚು ಮಾಡಿಕೊಟ್ಟು, “ಅಮ್ಮ, ಇದು ನಿಮಗೆ” ಎಂದ. ಅವನು ಯಾವ ಊರಿನವನು, ಹುಡುಗನೋ ಮುದುಕನೋ, ಯಾರಿಗೂ ಗೊತ್ತಿರಲಿಲ್ಲ.

ಆಟ ಶುರುವಾದ ಆರನೆಯ ವರ್ಷ ಹೆಂಡತಿ ಹಾಸಿಗೆ ಹಿಡಿದಳು. ಆಸ್ಪತ್ರೆಯ ಮೂರು ವಾರಗಳಲ್ಲಿ ಆಡಿದ ಮಾತುಗಳಲ್ಲಿ ಹೆಚ್ಚಿನವು ಮಗಳ ಬಗ್ಗೆ, ಕೆಲವು ಅಂಗಡಿಯ ಬಗ್ಗೆ. ಒಂದು ಮಾತ್ರ ದ್ವೀಪದ ಬಗ್ಗೆ.

“ಆರು ತಿಂಗಳು ಯಾರೂ ಬಾಗಿಲು ತೆಗೀದಿದ್ರೆ ಮನೆ ಅಳಿಸಿಬಿಡ್ತಾರಂತೆ ರೀ. ಆಗಾಗ ತೆಗೀತಾ ಇರಿ.”

“ನೀನೇ ಬಂದು ತೆಗೀತೀಯ ಬಿಡು.”

“ತೆಗೀತೀನಿ ಅನ್ನಿ.”

“ಆಯ್ತು, ತೆಗೀತೀನಿ.”

ಅವಳು ಹೋದ ಮೇಲೆ ಆರು ತಿಂಗಳಿಗೊಮ್ಮೆ ತೆಗೆದರೆ ಸಾಕಿತ್ತು. ಮಾಸ್ಟರು ದಿನಾ ತೆಗೆದರು. ಮಧ್ಯಾಹ್ನ ಮೊದಲು ಅವಳ ಕಂಪ್ಯೂಟರಿನ ಮುಂದೆ ಕೂತು ಸೂಜಿಯಮ್ಮನನ್ನು ಮನೆಯಿಂದ ಹೊರಗೆ ಕರೆತಂದು, ಒಂದು ಕೊಡ ನೀರು ಸೇದಿಸಿ, ಬೆಂಚಿನ ಮೇಲೆ ಕೂರಿಸುತ್ತಿದ್ದರು. ಹಾದುಹೋಗುವವರಿಗೆ ಕೈ ಬೀಸಿಸುತ್ತಿದ್ದರು. ಅವಳ ಬಾಯಿಂದ ಒಂದೇ ಒಂದು ಮಾತನ್ನೂ ಟೈಪು ಮಾಡಲಿಲ್ಲ. ಅವಳು ಆಡದ ಮಾತನ್ನು ಅವಳ ಹೆಸರಿಗೆ ಅಂಟಿಸುವುದು ಅವರಿಗೆ ಹೇಸಿಗೆ. ಆಮೇಲೆ ತಮ್ಮ ಕಂಪ್ಯೂಟರಿಗೆ ಬಂದು ಕತ್ತರಿಯನ್ನು ಅವಳ ಪಕ್ಕ ಕೂರಿಸುತ್ತಿದ್ದರು.

“ಅಮ್ಮ ಯಾಕೆ ಮಾತಾಡ್ತಿಲ್ಲ ಮಾವ?” ಎಂದು ಕಪ್ಪೆರಾಯ ಒಂದು ದಿನ ಟೈಪು ಮಾಡಿ ಕೇಳಿದ.

“ಹುಷಾರಿಲ್ಲ” ಎಂದು ಮಾಸ್ಟರು ಒಂದೇ ಬೆರಳಲ್ಲಿ ಬರೆದರು. ಆ ಸುಳ್ಳು ಎರಡು ವರ್ಷ ಬಾಳಿತು. ಬೀದಿಯ ಜನಕ್ಕೆ ಸತ್ತವಳು ಕೆರೆಯ ಹತ್ತಿರದ ಜನಕ್ಕೆ ಹುಷಾರಿಲ್ಲದವಳು, ಅಷ್ಟೇ. ದಿನಕ್ಕೆ ಎರಡು ಗಂಟೆ ಮಾಸ್ಟರು ಆ ಜನರ ಮಾತನ್ನೇ ನಂಬಿಕೊಂಡು ಬದುಕಿದರು.

ಇಲ್ಲಿ ಅವರ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಕಟಿಂಗ್ ಮೇಜಿನ ಹಿಂದೆ ಒಂದು ಕಪಾಟಿದೆ. ಹೊಲಿಯಲು ಕೊಟ್ಟು, ತೆಗೆದುಕೊಂಡು ಹೋಗಲು ಬಾರದವರ ಬಟ್ಟೆಗಳೆಲ್ಲ ಅದರಲ್ಲಿವೆ. ಹನ್ನೆರಡು ವರ್ಷದ ಹಿಂದಿನ ಕೋಟೂ ಇದೆ. ಬೇರೆ ದರ್ಜಿಗಳು ಒಂದು ವರ್ಷ ನೋಡಿ ಮಾರಿಬಿಡುತ್ತಾರೆ. ಮಾಸ್ಟರು ಮಾರುವುದಿಲ್ಲ. ಬಟ್ಟೆ ತಮ್ಮ ಕೈಯಲ್ಲಿದ್ದರೂ ಗಿರಾಕಿಯದೇ ಎಂಬುದು ಅವರ ಹಟ. ಪ್ರತಿ ಬಟ್ಟೆಗೂ ಗುಂಡುಸೂಜಿಯಲ್ಲಿ ಒಂದು ಚೀಟಿ ಚುಚ್ಚಿರುತ್ತದೆ. ಅದರಲ್ಲಿ ಬಟ್ಟೆ ಯಾರದು ಎಂಬುದರ ಕೆಳಗೆ ಏನು ಕೆಟ್ಟಿದೆ ಎಂಬುದನ್ನೂ ಬರೆದಿರುತ್ತಾರೆ. ‘ಎಡತೋಳು ಅರ್ಧ ಇಂಚು ಗಿಡ್ಡ, ನನ್ನ ತಪ್ಪು.’ ‘ಕಾಲರಿಗೆ ಇಸ್ತ್ರಿ ಕಲೆ, ನನ್ನ ತಪ್ಪು.’ ಕೇಳುವ ಮೊದಲೇ ಒಪ್ಪಿಕೊಂಡರೆ ಗಿರಾಕಿ ಅರ್ಧ ಸಿಟ್ಟನ್ನು ಅಲ್ಲೇ ನುಂಗುತ್ತಾನೆ ಎಂಬುದು ನಲವತ್ತು ವರ್ಷದ ಅನುಭವ. ಆ ಅನುಭವವೇ ಅವರ ಕುತ್ತಿಗೆಗೆ ಬಂತು.

ಒಂದು ಸೋಮವಾರ ಆಟದ ಹೊಸ ಆವೃತ್ತಿ ಬಂತು. ಮಾಸ್ಟರು ಬಾಗಿಲು ತೆಗೆದು ಸೂಜಿಯಮ್ಮನನ್ನು ಹೊರಗೆ ಕರೆತಂದರೆ ಬಾವಿಯಿಲ್ಲ. ಅದರ ಜಾಗದಲ್ಲಿ, ಬೆಂಚಿಗೆ ಆತುಕೊಂಡಂತೆ, ಬಣ್ಣಬಣ್ಣದ ಟೋಪಿ ಮಾರುವ ಕಂಪನಿಯದೇ ಅಂಗಡಿ ಎದ್ದು ನಿಂತಿತ್ತು. ಮಾಸ್ಟರು ಅಂಗಡಿಯ ಸುತ್ತ ಸೂಜಿಯಮ್ಮನನ್ನು ಮೂರು ಸುತ್ತು ನಡೆಸಿದರು. ಗೋಡೆಗೆ ಒರಗಿಸಿ ನೋಡಿದರು.

ತಮ್ಮ ಖಾತೆಯಿಂದ ದೂರು ಕೊಟ್ಟರು. ಯಂತ್ರ ಅವರ ಭಾವನೆಯನ್ನು ಅರ್ಥ ಮಾಡಿಕೊಂಡಿತು. ಎರಡನೆಯ ಸಲ ಕೊಟ್ಟರು, ಹೊಸ ಟೋಪಿಗಳ ಪಟ್ಟಿ ಬಂತು. ಆಟಗಾರರೆಲ್ಲ ಓದುವ ಫಲಕದಲ್ಲಿ ಬರೆದರು, ಹತ್ತು ನಿಮಿಷದಲ್ಲಿ ಅಳಿಸಿಹೋಯಿತು. ಮೂರನೆಯ ದೂರಿಗೆ ಮಾತ್ರ ಮನುಷ್ಯರು ಬರೆದಂಥ ಉತ್ತರ: ನೀವು ಹೇಳುವ ಬಾವಿ ನಿಮ್ಮ ಖಾತೆಗೆ ಸೇರಿದ್ದಲ್ಲ. ಯಾರ ಖಾತೆಯದೋ ಅವರೇ ದೂರು ಕೊಡಬೇಕು.

ಮಗಳಿಗೆ ಫೋನು ಮಾಡಿದರು.

“ಅಮ್ಮನ ಅಕೌಂಟಿಂದ ಅಮ್ಮ ಬರೆದ ಹಾಗೇ ಬರೆದುಬಿಡಿ ಅಪ್ಪ. ‘ನನ್ನ ಬಾವಿ ಹೋಗಿದೆ, ಸರಿ ಮಾಡಿ’ ಅಂತ ಒಂದೇ ಸಾಲು. ಯಾರು ನೋಡ್ತಾರೆ?”

“ಅವಳು ಬರೆದ ಹಾಗೆ ನಾನು ಹೇಗೆ ಬರೀಲಿ?”

“ಅಯ್ಯೋ ಅಪ್ಪ, ಆಟ ಅದು.”

ಕಾಜಾದಕ್ಕನೂ ಅದನ್ನೇ ಹೇಳಿದಳು. “ಕೋರ್ಟಲ್ಲಿ ಸಾಕ್ಷಿ ಹೇಳೋಕೆ ಹೋಗ್ತಿಲ್ಲ ನೀವು. ಅಷ್ಟೊಂದು ಸತ್ಯ ಯಾಕೆ ಅವರಿಗೆ?”

ಮಾಸ್ಟರು ಕೇಳಲಿಲ್ಲ. ಕಪಾಟಿನ ಬಟ್ಟೆಗೆ ಚೀಟಿ ಚುಚ್ಚುವಂತೆಯೇ ಬರೆದರು. ‘ಸೂಜಿಯಮ್ಮ ಎಂಬ ಖಾತೆ ನನ್ನ ಹೆಂಡತಿಯದು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ನಾನೇ ತೆರೆಯುತ್ತಿದ್ದೇನೆ, ಅದು ನನ್ನ ತಪ್ಪು. ಬಾವಿ ಅವಳದು. ನಲವತ್ತು ದಿನ ಕಲ್ಲು ಹೊತ್ತಿದ್ದಾಳೆ. ದಯವಿಟ್ಟು ಇದ್ದ ಜಾಗದಲ್ಲೇ ಇಟ್ಟುಕೊಡಿ.’ ಕಳಿಸಿದ ಮೇಲೆ ಮನಸ್ಸು ಹಗುರವಾಯಿತು. ಆ ಮಧ್ಯಾಹ್ನ ಎರಡು ಶರ್ಟು ಹೆಚ್ಚಿಗೆ ಕತ್ತರಿಸಿದರು.

ಗುರುವಾರ ಉತ್ತರ ಬಂತು. ಕಂಪನಿ ಮೊದಲು ಸಂತಾಪ ಸೂಚಿಸಿತ್ತು. ಆಮೇಲೆ ಹೇಳಿತ್ತು: ಖಾತೆದಾರರು ತೀರಿಕೊಂಡರೆ ಖಾತೆ ಯಾರಿಗೂ ಸೇರುವುದಿಲ್ಲ, ಆದ್ದರಿಂದ ಸೂಜಿಯಮ್ಮ ಎಂಬ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಒಬ್ಬರ ಖಾತೆಯನ್ನು ಇನ್ನೊಬ್ಬರು ನಡೆಸುವುದು ಒಪ್ಪಂದಕ್ಕೆ ವಿರುದ್ಧ. ತಾವೇ ಒಪ್ಪಿಕೊಂಡಿರುವುದರಿಂದ ಕತ್ತರಿ ಎಂಬ ಖಾತೆಯನ್ನೂ ಮುಚ್ಚಲಾಗಿದೆ. ಕೊನೆಯಲ್ಲಿ ಐದು ಖಾಲಿ ನಕ್ಷತ್ರಗಳು. ನಮ್ಮ ಸೇವೆ ನಿಮಗೆ ಎಷ್ಟು ತೃಪ್ತಿ ತಂದಿತು?

ಮಾಸ್ಟರು ಅವಳ ಕಂಪ್ಯೂಟರಿಗೆ ಹೋಗಿ ಬಾಗಿಲು ತೆಗೆಯಲು ನೋಡಿದರು. ಇಂಥ ಹೆಸರಿನವರು ಯಾರೂ ಇಲ್ಲ ಎಂದಿತು. ಇನ್ನೊಮ್ಮೆ ನೋಡಿದರು. ಇಸ್ತ್ರಿ ಮೇಜು ಹಿಡಿದುಕೊಂಡು ಕೂತರು. ಆಸ್ಪತ್ರೆಯಲ್ಲಿ ಅಳದ, ಮನೆಗೆ ಬಂದವರೆದುರು ಅಳದ ಮನುಷ್ಯ ಅಂದು ಬಿಕ್ಕಿ ಬಿಕ್ಕಿ ಅತ್ತರು. ಕಾಜಾದಕ್ಕ ಷಟರನ್ನು ಪೂರ್ತಿ ಇಳಿಸಿ ಹೊರಗೆ ಮೆಟ್ಟಿಲ ಮೇಲೆ ಕೂತು, ಬಂದ ಗಿರಾಕಿಗಳನ್ನು ಅಲ್ಲಿಂದಲೇ ವಾಪಸು ಕಳಿಸಿದಳು.

“ನಾನೇ ಹೇಳಿದ್ದು” ಎಂದರು ಸಂಜೆ. “ಅವರೇನೂ ಕಂಡುಹಿಡೀಲಿಲ್ಲ. ನಾನೇ ಕೈಯಾರೆ ಬರೆದುಕೊಟ್ಟೆ.”

“ಗೊತ್ತು” ಎಂದಳು ಅವಳು.

ಶುಕ್ರವಾರ, ಶನಿವಾರ ಭಾಷಣವಿರಲಿಲ್ಲ. ಕತ್ತರಿ ನಿಲ್ಲದೆ ನಡೆಯಿತು, ಹಳೆಯ ಗಿರಾಕಿಗಳಿಗೆ ಅದರಿಂದಲೇ ಭಯವಾಯಿತು. ಭಾನುವಾರ ಮಗಳು ಬಂದಳು. ಕಂಪನಿಯ ಒಪ್ಪಂದವನ್ನು ತಾನೂ ಓದಿ, ಅದರಲ್ಲಿ ಎಲ್ಲೂ ದಾರಿಯಿಲ್ಲವೆಂದು ತಿಳಿದು, ಬೈದು ಸುಸ್ತಾದಳು. ಹೊರಡುವ ಮೊದಲು ತಂದೆಗೆ ತನ್ನ ಫೋನಿನಿಂದ ಹೊಸ ಖಾತೆ ಮಾಡಿಕೊಟ್ಟಳು. ಹೆಸರೇನಿಡಲಿ ಎಂದು ಕೇಳಿದಾಗ ಮಾಸ್ಟರು ಎದ್ದು ಇಸ್ತ್ರಿ ಮೇಜು ಒರೆಸತೊಡಗಿದರು. ‘ಹೊಸಬ’ ಎಂದು ತಾನೇ ಬರೆದಳು.

“ಬೇಡ ಅನ್ನಿಸಿದ್ರೆ ತೆಗೀಬೇಡಿ ಅಪ್ಪ. ಇರಲಿ.”

ಸೋಮವಾರ ತೆಗೆದರು. ಹೊಸಬರನ್ನು ಕಂಪನಿ ಬಂದರಿನಲ್ಲಿ ಇಳಿಸುತ್ತದೆ, ಕೈಗೊಂದು ಕೋಲು, ಬರಿಗಾಲು. ಅಲ್ಲಿಂದ ಕೆರೆ ಬಹಳ ದೂರ. ಕಾಡಿನಲ್ಲಿ ತೋಳಗಳು ಎರಡು ಸಲ ಕೆಡವಿದವು. ಎಬ್ಬಿಸಲು ಯಾರೂ ಬರಲಿಲ್ಲ, ಮತ್ತೆ ಬಂದರಿನಿಂದಲೇ ಹೊರಡಬೇಕಾಯಿತು. ಮಂಗಳವಾರ ಬೆಟ್ಟದ ಬುಡ. ಅವಳು ಕಲ್ಲು ಆರಿಸುತ್ತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರು. ಬುಧವಾರ ಎರಡೂವರೆಗೆ ಕೆರೆ ಕಂಡಿತು.

ಮನೆ ಇರಲಿಲ್ಲ. ಸೂಜಿಯಮ್ಮನ ಹೂಗಿಡಗಳಿರಲಿಲ್ಲ. ಹಸಿರು ನೆಲದ ಮೇಲೆ ‘ಖಾಲಿ ಜಾಗ’ ಎಂಬ ಫಲಕ ನೆಟ್ಟಿತ್ತು. ಟೋಪಿ ಅಂಗಡಿ ಇತ್ತು. ಅದರ ಪಕ್ಕದಲ್ಲಿ ಬೆಂಚು ಮಾತ್ರ ಉಳಿದಿತ್ತು. ಅದನ್ನು ಮಾಡಿದ್ದು ಕಪ್ಪೆರಾಯನಾದ್ದರಿಂದ ಅದು ಅವನ ಖಾತೆಯದು, ಸೂಜಿಯಮ್ಮನ ಖಾತೆಯ ಜೊತೆ ಅಳಿಸಿಹೋಗಿರಲಿಲ್ಲ. ಮಾಸ್ಟರು ಬರಿಗಾಲಿನ ಹೊಸಬನನ್ನು ಬೆಂಚಿನ ಮೇಲೆ ಕೂರಿಸಿದರು.

ಸ್ವಲ್ಪ ಹೊತ್ತಿಗೆ ಕಪ್ಪೆರಾಯ ಓಡೋಡಿ ಬಂದ.

“ಹೊಸಬರಾ? ದಯವಿಟ್ಟು ಅಲ್ಲಿ ಕೂರಬೇಡಿ. ಅದು ಅಮ್ಮನ ಜಾಗ.”

ಮಾಸ್ಟರು ಒಂದೇ ಬೆರಳಲ್ಲಿ ಬರೆದರು. “ನಾನು. ಕತ್ತರಿ.”

“ಮಾವ, ನೀವಾ? ಒಂದು ವಾರದಿಂದ ಹುಡುಕ್ತಿದೀನಿ. ಮನೆ ಎಲ್ಲಿ ಹೋಯ್ತು? ಅಮ್ಮ ಎಲ್ಲಿ? ಈಗ ಹೇಗಿದಾರೆ?”

ಕಾಜಾದಕ್ಕ ಹೊರಗೆ ಯಾರಿಗೋ ಮೂರು ಗಂಟೆಯ ಮೇಲೆ ಬನ್ನಿ ಎನ್ನುತ್ತಿದ್ದಳು. ಮೇಜಿನ ಆ ತುದಿಯ ಕಂಪ್ಯೂಟರಿನ ಮೇಲೆ ಮಾಸ್ಟರು ಒಂದು ಬಿಳಿ ಬಟ್ಟೆ ಹೊದಿಸಿದ್ದರು. ಅದನ್ನೊಮ್ಮೆ ನೋಡಿ, ಅಕ್ಷರ ಹುಡುಕಿ ಹುಡುಕಿ ಒತ್ತಿದರು.

“ತೀರಿಕೊಂಡಳು.”

ಕಪ್ಪೆರಾಯ ಬೆಂಚಿನ ಮುಂದೆ ನೆಲದ ಮೇಲೆ ಕೂತ. ಆಮೇಲೆ ಒಂದೇ ಪದ ಬಂತು.

“ಯಾವಾಗ?”

ಮಾಸ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನ್ನಿಸಲಿಲ್ಲ.

“ಹೋದ ಗುರುವಾರ” ಎಂದು ಬರೆದರು.